ಐದನೇ ನಿಂಬೆಹಣ್ಣು

ಕಾರಿನ ಪೂಜೆಗೆ ನಾಲ್ಕು ನಿಂಬೆಹಣ್ಣು ಸಾಕು. ಚಕ್ರಕ್ಕೊಂದು. ನನ್ನ ಹೆಂಡತಿ ಐದು ತಂದಿದ್ದಳು.

2023ರ ಮಾರ್ಚ್, ಬನಶಂಕರಿ ದೇವಸ್ಥಾನದ ಎದುರು. ಅಲ್ಲಿ ನಿಂಬೆಹಣ್ಣಿಗೆ ಬರವಿಲ್ಲ, ರಾಹುಕಾಲದಲ್ಲಿ ದೀಪ ಹಚ್ಚುವುದೇ ಅದರ ಹೋಳಿನಲ್ಲಿ. ಐದನೆಯದು ಯಾಕೆ, ಕೊಸರು ಸಿಕ್ಕಿತಾ ಅಂತ ಕೇಳಿದೆ.

"ಅದು ಮಗಳಿಗೆ ರೀ. ನೀವು ಈ ಕಾರು ಯಾಕೆ ತಗೊಂಡ್ರಿ ಅಂತ ನನಗೆ ಗೊತ್ತಿಲ್ವಾ? ಘಾಟಿಯಲ್ಲಿ ಮೂಸೋಕೆ ಬೇಕಾಗುತ್ತೆ."

ಅರ್ಚಕರು ಮಂತ್ರ ಮುಗಿಸಿದರು. ನಾನು ಕ್ಲಚ್ ಬಿಟ್ಟು ಒಂದಡಿ ಮುಂದಕ್ಕೆ ಉರುಳಿಸಿದೆ. ನಾಲ್ಕೂ ಪಚಕ್ ಅಂದವು. ಐದನೆಯದು ಗೇರ್ ಕಡ್ಡಿಯ ಮುಂದಿನ ಸಣ್ಣ ಗುಂಡಿಯಲ್ಲಿ ಕೂತಿತು. ಆ ಜಾಗ ಇವತ್ತಿಗೂ ನಿಂಬೆಹಣ್ಣಿನದೇ. ಹಣ್ಣು ಮಾತ್ರ ಬದಲಾಗುತ್ತಾ ಬಂದಿದೆ.

ಕಾರು ಫೋಕ್ಸ್‌ವ್ಯಾಗನ್ ಪೋಲೊ, 2021ರ ಮಾಡೆಲ್, 1.0 ಟಿಎಸ್ಐ ಪೆಟ್ರೋಲ್, ಆರು ಗೇರಿನ ಮ್ಯಾನುವಲ್. ಹಾಟ್ ಹ್ಯಾಚ್ ತಗೋಬೇಕು ಅಂತ ಮೊದಲ ಸಲ ಬಾಯಿ ಬಿಟ್ಟಾಗ ಮನೆಯಲ್ಲಿ ಸಿಕ್ಕ ಉತ್ತರ, "ಹಾಟ್ ಚಿಪ್ಸ್ ಗೊತ್ತು, ಇದೇನಿದು?" ಹೇಳುವುದು ಸುಲಭ. ಮನೆಮಂದಿ ಓಡಾಡುವ ಸಾಧಾರಣ ಚಿಕ್ಕ ಕಾರು. ಡಿಕ್ಕಿ ಬಾಗಿಲು ಗಾಜಿನ ಸಮೇತ ಮೇಲಕ್ಕೆ ಎತ್ತುವಂಥದು. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕಸುವಿನ ಎಂಜಿನ್, ಬಿಗಿ ಸಸ್ಪೆನ್ಷನ್, ಅಗಲ ಟೈರು. ಸೋಮವಾರ ಆಫೀಸಿಗೆ, ಮಂಗಳವಾರ ತರಕಾರಿಗೆ, ಭಾನುವಾರ ಮಾತ್ರ ಸ್ವಲ್ಪ ಬೇರೆ ಥರ.

1976ರಲ್ಲಿ ಜರ್ಮನಿಯಲ್ಲಿ ಇದೇ ಫೋಕ್ಸ್‌ವ್ಯಾಗನ್‌ನವರ ಹಾಟ್ ಹ್ಯಾಚ್ ಗಾಲ್ಫ್ ಜಿಟಿಐ ಬಂದಾಗ ಕಂಪನಿಯವರ ಲೆಕ್ಕ 5,000 ಕಾರು ಅಷ್ಟೇ ಇತ್ತು. ಮೊದಲ ತಲೆಮಾರೊಂದೇ 4.6 ಲಕ್ಷ ದಾಟಿತು. ಸೀಟಿಗೆ ಚೌಕಳಿ ಬಟ್ಟೆ, ಗೇರ್ ಕಡ್ಡಿಯ ತಲೆಗೆ ಗಾಲ್ಫ್ ಚೆಂಡು. ಎರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅನ್ನುವ ವಿನ್ಯಾಸಗಾರ್ತಿಗೆ ಹೊಳೆದದ್ದು. ಎಂಜಿನ್ 1.6 ಲೀಟರ್, ಕಸುವು 110 ಪಿಎಸ್, ಅಂದರೆ ಹೆಚ್ಚುಕಡಿಮೆ 110 ಕುದುರೆಯ ಬಲ. ನನ್ನ ಪೋಲೊದ್ದೂ ಸರಿಯಾಗಿ 110 ಪಿಎಸ್! ಈ ಒಂದು ಅಂಕಿ ಹಿಡಿದುಕೊಂಡು ಮನೆಯಲ್ಲಿ ಆರು ತಿಂಗಳು ವಾದ ಮಾಡಿದೆ. ಆ ಗಾಲ್ಫ್ ತೂಕ 810 ಕೆಜಿ, ನನ್ನದು ಸಾವಿರ ದಾಟಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಹಾಗಾಗಿ ನಿಜ ಹೇಳಬೇಕೆಂದರೆ ಇದು ಬಿಸಿ ಹ್ಯಾಚ್ ಅಲ್ಲ. ಉಗುರುಬೆಚ್ಚಗಿನದು. ಮಗುವಿಗೆ ಸ್ನಾನ ಮಾಡಿಸುವ ಮೊದಲು ಮೊಣಕೈ ಅದ್ದಿ ನೋಡುತ್ತೇವಲ್ಲ, ಆ ಹದ.

ನಮ್ಮಲ್ಲಿ ಬಿಸಿ ಅದಕ್ಕಿಂತ ಮೇಲೆ ಏರದಿರುವುದಕ್ಕೆ ಎಂಜಿನಿಯರುಗಳನ್ನು ಬೈದು ಪ್ರಯೋಜನವಿಲ್ಲ. ಅದು ತೆರಿಗೆಯ ಕೆಲಸ. 2006ರ ಕೇಂದ್ರ ಬಜೆಟ್‌ನಲ್ಲಿ ಚಿಕ್ಕ ಕಾರಿನ ಎಕ್ಸೈಸ್ ಸುಂಕವನ್ನು 24%ರಿಂದ 16%ಗೆ ಇಳಿಸಿದರು. ಚಿಕ್ಕದು ಅಂದರೆ ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ ಆದರೆ 1,200 ಸಿಸಿ ಒಳಗೆ. ಆ ಗೆರೆ ಆಮೇಲೆ ಅಳಿಯಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗಲೂ ಅದೇ ಗೆರೆ. ಒಳಗಿದ್ದರೆ 18%, ದಾಟಿದರೆ 40%. ಗೆರೆ ಬರುವ ಮೊದಲು, 2001ರಲ್ಲಿ, ಫಿಯೆಟ್‌ನವರು ಪಾಲಿಯೊಗೆ 1.6 ಲೀಟರ್ ಎಂಜಿನ್ ಹಾಕಿ ಮಾರಿದ್ದರು. ಸಚಿನ್ ಹೆಸರಿನಲ್ಲಿ ಎಸ್10 ಅಂತ ಒಂದು ಎಡಿಷನ್ ಕೂಡ ಬಂತು. ನಾನು ಆಗ ಹಾಸನದಲ್ಲಿ ಓದುತ್ತಿದ್ದೆ. ಹಾಸ್ಟೆಲ್ ಮುಂದೆ ಅದೊಂದು ಹಾದುಹೋದರೆ ಊಟದ ತಟ್ಟೆ ಹಿಡಿದುಕೊಂಡೇ ಹೊರಗೆ ಓಡಿಬರುತ್ತಿದ್ದೆವು. 2015ರ ಅಬಾರ್ತ್ ಪುಂಟೊ ಹತ್ತಿರ ಹತ್ತಿರ 145 ಪಿಎಸ್ ಇಟ್ಟುಕೊಂಡು ಬಂತು, ಕೆಲವೇ ವರ್ಷಕ್ಕೆ ಹೋಯಿತು. ಸ್ವಿಫ್ಟ್ ಸ್ಪೋರ್ಟ್ ಬರುತ್ತದೆ ಬರುತ್ತದೆ ಅಂತ ಕಾದವರ ತಲೆಕೂದಲು ಬೆಳ್ಳಗಾಯಿತೇ ಹೊರತು ಅದು ಬರಲಿಲ್ಲ. ಪೋಲೊದಲ್ಲೇ ಅಸಲಿ ಜಿಟಿಐ 2016ರಲ್ಲಿ ಬಂತು. 99 ಕಾರು ಮಾತ್ರ, ಮೂರೇ ಬಾಗಿಲು, ಶೋರೂಮ್ ಬೆಲೆ ಹತ್ತಿರ ಹತ್ತಿರ 26 ಲಕ್ಷ. 2025ರಲ್ಲಿ ಗಾಲ್ಫ್ ಜಿಟಿಐ ಕೂಡ ಬಂದಿದೆ, 53 ಲಕ್ಷಕ್ಕೆ. ಅಷ್ಟು ದುಡ್ಡಿಗೆ ನಮ್ಮೂರ ಕಡೆ ತೋಟ ನೋಡುತ್ತಾರೆ.

ನಾನು ಹುಡುಕಲು ಶುರು ಮಾಡಿದಾಗ ಹೊಸದಾಗಿ ಸಿಗುತ್ತಿದ್ದದ್ದು ಹುಂಡೈ ಐ20 ಎನ್ ಲೈನ್. 120 ಪಿಎಸ್. ಕಾಗದದ ಮೇಲೆ ಪೋಲೊಗಿಂತ ಹತ್ತು ಜಾಸ್ತಿಯೇ. ಒಳಗೆ ಜಾಗವೂ ಧಾರಾಳ. ಆದರೆ ಆಗ ಅದರಲ್ಲಿ ಎರಡೇ ಆಯ್ಕೆ. ಒಂದು ಡಿಸಿಟಿ ಆಟೊಮ್ಯಾಟಿಕ್, ಇನ್ನೊಂದು ಕ್ಲಚ್ ಪೆಡಲ್ಲೇ ಇಲ್ಲದ ಐಎಂಟಿ. ಮೂರು ಪೆಡಲಿನ ಮ್ಯಾನುವಲ್ ಆಮೇಲೆ ಬಂತು. ಜೊತೆಗೆ ನಮ್ಮ ರಾಜ್ಯದ ರಸ್ತೆ ತೆರಿಗೆ. ಬೆಲೆ ಹತ್ತು ಲಕ್ಷ ದಾಟಿತೋ 17%, ಅದರ ಮೇಲೆ ಸೆಸ್ಸು. ಹೊಸ ಕಾರಿನ ಆನ್‌ರೋಡ್ ಬೆಲೆ ಕೇಳಿ ಒಂದು ಲೋಟ ನೀರು ಕುಡಿದು ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ.

ಪೋಲೊ 2022ರಲ್ಲಿ ನಿಂತುಹೋಗಿತ್ತು. ನಿಂತುಹೋದ ಕಾರು ತಗೋತಾರಾ ಅಂತ ಎಲ್ಲರೂ ಕೇಳಿದರು. ಆದರೆ ಹನ್ನೆರಡು ವರ್ಷ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾದ ಕಾರು. ಬಿಡಿಭಾಗ ಸಿಗುತ್ತದೆ, ಕೈಯಾಡಿಸಿದ ಮೆಕ್ಯಾನಿಕ್‌ಗಳಿದ್ದಾರೆ. ಇಲ್ಲೊಂದು ತಮಾಷೆ ಇದೆ. ಆ ಕೊನೆಯ ವರ್ಷಗಳಲ್ಲಿ ಹಿಂದೆ 'ಜಿಟಿ' ಅಂತ ಬರೆದಿರುತ್ತಿದ್ದದ್ದು ಆಟೊಮ್ಯಾಟಿಕ್‌ಗೆ ಮಾತ್ರ. ಅದೇ ಎಂಜಿನ್, ಅದೇ 175 ಎನ್‌ಎಂ ಟಾರ್ಕ್, ಆದರೆ ಕೈಯಲ್ಲಿ ಗೇರ್ ಹಾಕಬೇಕು ಅಂದರೆ ಹೈಲೈನ್ ಪ್ಲಸ್‌ನಂಥ ಬೇರೆ ಮಾಡೆಲ್ ತಗೋಬೇಕು. ಅದರಲ್ಲಿ ಆ ಎರಡಕ್ಷರ ಇಲ್ಲ. ಎಷ್ಟೋ ಜನ ಅಂಗಡಿಯಿಂದ ತಂದು ಅಂಟಿಸಿಕೊಂಡಿದ್ದಾರೆ. ನಾನು ಅಂಟಿಸಿಲ್ಲ. ಮನಸ್ಸಾಗಿರಲಿಲ್ಲ ಅಂತ ಹೇಳಲಾರೆ.

ಒಟ್ಟು ಐದು ಕಾರು ನೋಡಿದೆ. ಎರಡನೆಯದು ಇನ್ನೂ ಕಣ್ಣಿಗೆ ಕಟ್ಟಿದೆ. ನಾಗರಭಾವಿಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಹುಡುಗನಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಕೀ ತಿರುಗಿಸಿದ. ಸೈಲೆನ್ಸರ್ ಸದ್ದಿಗೆ ಪಕ್ಕದ ಸ್ಕೂಟರಿನ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು. "ಸ್ಟೇಜ್ ಟೂ ಅಣ್ಣ. ನೂರ ಐವತ್ತರ ಹತ್ತಿರ ಇದೆ" ಅಂದ. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸಿದ್ದಾನೆ, ಎಕ್ಸಾಸ್ಟ್ ಬದಲಿಸಿದ್ದಾನೆ. ಆರ್‌ಸಿಯಲ್ಲಿ ಅದರ ಸುಳಿವೇ ಇಲ್ಲ. ಇನ್ಶೂರೆನ್ಸ್ ಕಂಪನಿಗೆ ಹೇಳಿದ್ದೀಯಾ ಅಂದೆ. ನಕ್ಕ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ಥರದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ನಾಳೆ ಏನಾದರೂ ಆದರೆ ಕ್ಲೇಮ್ ಮಾಡುವಾಗ ಯಾರು ನಗುತ್ತಾರೆ ಅಂತ ಯೋಚಿಸಿದೆ. ಒಂದು ರೌಂಡ್ ಮಾತ್ರ ಹೋಗಿಬಂದೆ. ಸುಳ್ಳು ಯಾಕೆ, ವಾಪಸ್ ಬರುವಾಗ ಕೈ ನಡುಗುತ್ತಿತ್ತು. ಖುಷಿಗೆ. ಆದರೂ ಬೇಡ ಅಂದೆ. ಇಡೀ ದಿನ ಆ ಸದ್ದಿನ ಜೊತೆ ಸಿಗ್ನಲ್‌ನಲ್ಲಿ ಕೂರುವುದನ್ನು ನೆನೆಸಿಕೊಂಡರೆ ತಲೆನೋವು ಬರುವ ಹಾಗಿತ್ತು.

ಕೊನೆಗೆ ತಗೊಂಡದ್ದು ಮೈಸೂರಿನಲ್ಲಿ, ಕೆಎ 09. ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಒಬ್ಬರದು. ಡ್ರೈವರ್ ಸೀಟಿಗೆ ಟವೆಲ್ ಹಾಸಿದ್ದರು. ಸರ್ವೀಸ್ ರಸೀದಿಗಳೆಲ್ಲ ಒಂದು ಫೈಲಿನಲ್ಲಿ, ತಾರೀಖಿನ ಪ್ರಕಾರ. 22,000 ಕಿ.ಮೀ. ಓಡಿತ್ತು. "ಇದಕ್ಕೆ ಟರ್ಬೊ ಇದೆ ಅಂತ ಮಗ ಹೇಳ್ತಾನೆ. ನನಗೇನೂ ಗೊತ್ತಾಗಿಲ್ಲಪ್ಪ" ಅಂದರು. ಆ ಮಾತು ಕೇಳಿದ ಕೂಡಲೇ ಇದೇ ಕಾರು ಅಂತ ನಿರ್ಧಾರ ಮಾಡಿಬಿಟ್ಟೆ. ಬೇರೆ ರಾಜ್ಯದ ನಂಬರಿನದು ಒಂದು ಲಕ್ಷ ಕಡಿಮೆಗೆ ಸಿಗುತ್ತಿತ್ತು. ಆದರೆ ಎನ್‌ಒಸಿ ತಂದು ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಆ ಲಕ್ಷ ಎಲ್ಲಿ ಹೋಗುತ್ತದೋ. ನಮ್ಮ ರಾಜ್ಯದ್ದೇ ಆದರೆ ಹೆಸರು ಬದಲಿಸಿದರೆ ಆಯಿತು. ಹೀಗೆ ಒಂಬತ್ತು ಲಕ್ಷ ಕೊಟ್ಟು ಬಂದೆ.

ಇನ್ನು ದಿನನಿತ್ಯದ ಬದುಕು.

ಮನೆ ಬನಶಂಕರಿ, ಕೆಲಸ ಎಲೆಕ್ಟ್ರಾನಿಕ್ ಸಿಟಿ. ನಡುವೆ ಸಿಲ್ಕ್ ಬೋರ್ಡ್. ಇಷ್ಟು ಹೇಳಿದರೆ ಬೆಂಗಳೂರಿನವರಿಗೆ ಮಿಕ್ಕಿದ್ದು ಗೊತ್ತು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2022ರ ಪಟ್ಟಿಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್. ಇಡೀ ಪ್ರಪಂಚದಲ್ಲಿ ನಮಗಿಂತ ನಿಧಾನ ಲಂಡನ್ ಒಂದೇ. ಗಂಟೆಗೆ ಇಪ್ಪತ್ತು ಕಿ.ಮೀ. ಚಿಲ್ಲರೆ. ಆ ವೇಗಕ್ಕೆ 110 ಪಿಎಸ್ ಯಾಕೆ ಬೇಕು? ನನ್ನ ಟೀಮಿನ ಹುಡುಗ ಸೈಕಲ್‌ನಲ್ಲಿ ಬರುತ್ತಾನೆ. ನನಗಿಂತ ಮೊದಲು ಬಂದು ಸ್ನಾನವನ್ನೂ ಮುಗಿಸಿ ಕೂತಿರುತ್ತಾನೆ.

ಈ ಎಂಜಿನ್‌ಗೆ ಮೂರೇ ಸಿಲಿಂಡರ್, 999 ಸಿಸಿ. ಅದರ ಕಸುವೆಲ್ಲ ಟರ್ಬೊದ್ದು. ನನ್ನ ಮಗಳಿಗೆ ಟರ್ಬೊ ಅಂದರೇನು ಅಂತ ಹೇಳಬೇಕಾದಾಗ ಊರಿನ ಒಲೆ ನೆನಪಾಯಿತು. ಅಜ್ಜಿ ಊದುಕೊಳವೆ ಹಿಡಿದು ಊದಿದರೆ ಅಷ್ಟೇ ಸೌದೆಗೆ ಬೆಂಕಿ ಭಗ್ ಅಂತ ಏಳುತ್ತಿತ್ತಲ್ಲ, ಅದೇ ಇದು. ಇಲ್ಲಿ ಹೊಗೆ ಹೊರಗೆ ಹೋಗುವಾಗ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದು ಕಡೆ ಎಂಜಿನ್ ಒಳಗೆ ಗಾಳಿ ಒತ್ತುತ್ತದೆ. ಆದರೆ ಊದುವವರಿಗೆ ಉಸಿರು ಬೇಕು. ಎಂಜಿನ್ ನಿಮಿಷಕ್ಕೆ 1,700 ಸುತ್ತು ಮುಟ್ಟುವ ತನಕ ಅಜ್ಜಿ ಇನ್ನೂ ಉಸಿರು ಎಳೆದುಕೊಳ್ಳುತ್ತಿರುತ್ತಾಳೆ. ಸಿಲ್ಕ್ ಬೋರ್ಡ್‌ನಲ್ಲಿ ಎಂಜಿನ್ ಯಾವತ್ತೂ ಆ ಸುತ್ತಿನ ಕೆಳಗೇ. ಅಂದರೆ ಬಿಸಿ ಕಾರಿಗೆ ದುಡ್ಡು ಕೊಟ್ಟು ತಂದು ದಿನದ ಬಹುಪಾಲು ಸಾಧಾರಣ ಒಂದು ಲೀಟರ್ ಕಾರನ್ನೇ ಓಡಿಸುತ್ತೇನೆ. ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಎಡ ಮಂಡಿ ಶುಕ್ರವಾರದ ಹೊತ್ತಿಗೆ ಬೇರೆಯವರದ್ದು ಅನಿಸುತ್ತದೆ. ಆಟೊಮ್ಯಾಟಿಕ್ ತಗೋಬೇಕಿತ್ತಾ? ಸೋಮವಾರದಿಂದ ಶುಕ್ರವಾರದ ತನಕ ಹೌದು.

ಪೆಟ್ರೋಲು ಸಿಟಿಯಲ್ಲಿ ಲೀಟರಿಗೆ ಹನ್ನೊಂದು, ಹೈವೇಯಲ್ಲಿ ಹದಿನೇಳು. ಕಾಲು ತಡೆದುಕೊಂಡರೆ ಮಾತ್ರ.

2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ ಡಬಲ್ ಡೆಕ್ಕರ್ ಫ್ಲೈಓವರ್ ತೆರೆದರು. ಬೆಳಗ್ಗೆ ಆರೂವರೆಗೆ ಹೊರಟರೆ ಆ ಏರು ಖಾಲಿ. ಅಲ್ಲಿ ಎರಡನೇ ಗೇರ್‌ನಲ್ಲಿ ಕಾಲು ಪೂರ್ತಿ ಒತ್ತುತ್ತೇನೆ. ಅಜ್ಜಿ ಊದುತ್ತಾಳೆ. ಬೆನ್ನು ಸೀಟಿಗೆ ಅಂಟುತ್ತದೆ. ಮೂರು ಸಿಲಿಂಡರಿನ ಒಂಥರಾ ಗೊಗ್ಗರು ದನಿ, ಮೂರನೇ ಗೇರು, ಅಷ್ಟರಲ್ಲಿ ಅರವತ್ತು. ಸಾಕು, ಕಾಲು ತೆಗೆದೆ. ಎಣಿಸಿದ್ದೇನೆ, ಎಂಟು ಸೆಕೆಂಡ್. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನನ್ನ ಹೆಂಡತಿ ಅಕೌಂಟ್ಸ್ ಓದಿದವಳು. ವರ್ಷಕ್ಕೆ ಇನ್ನೂರು ದಿನ, ದಿನಕ್ಕೆ ಎಂಟು ಸೆಕೆಂಡ್, ಒಟ್ಟು 1,600. "ಅರ್ಧ ಗಂಟೆನೂ ಆಗಲ್ಲ ರೀ. ಅದಕ್ಕೆ ಒಂಬತ್ತು ಲಕ್ಷ" ಅಂದಳು. ಉತ್ತರ ಕೊಡಲಿಲ್ಲ. ಎರಡು ವಾರ ಬಿಟ್ಟು ಅವಳೇ ತರಕಾರಿ ತರಲು ಕಾರು ತಗೊಂಡು ಹೋಗಿ ಮುಕ್ಕಾಲು ಗಂಟೆ ತಡವಾಗಿ ಬಂದಳು. ಯಾಕೆ ಅಂತ ಕೇಳಿದ್ದಕ್ಕೆ ಕನಕಪುರ ರಸ್ತೆ ಕಡೆ ಸೊಪ್ಪು ಚೆನ್ನಾಗಿರುತ್ತೆ ಅಂದಳು. ನಾನೂ ಅಕೌಂಟ್ಸ್ ಓದಿದ್ದರೆ ಏನಾದರೂ ಹೇಳಬಹುದಿತ್ತು.

2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾಯಿತು. ಅದು ಅದೇ ಫ್ಲೈಓವರಿನ ನೆತ್ತಿಯ ಮೇಲೆ ಓಡುತ್ತದೆ. ಈಗ ವಾರಕ್ಕೆ ಮೂರು ದಿನ ನಾನೂ ಅದರಲ್ಲೇ. ಮೇಲಿಂದ ಕೆಳಗೆ ನೋಡಿದರೆ ನನ್ನ ಏರು ಕಾಣುತ್ತದೆ. ಹೋದ ತಿಂಗಳು ಯಾರೋ ಒಬ್ಬ ಕೆಂಪು ಪೋಲೊದಲ್ಲಿ ಅಲ್ಲೇ ನುಗ್ಗಿ ಹೋದ. ನನಗೆ ಗೊತ್ತಿಲ್ಲದೆ ಬಲಗಾಲು ನೆಲಕ್ಕೆ ಒತ್ತಿತು. ಪಕ್ಕದಲ್ಲಿ ಕೂತವರು ಕಾಲು ಸರಿಸಿಕೊಂಡರು.

ಕಷ್ಟಗಳಲ್ಲಿ ದೊಡ್ಡದು ಟೈರು. ನನ್ನದು 195/55 ಆರ್16. ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ 55%, ಅಂದರೆ 107 ಮಿ.ಮೀ. ಒಂದು ಅಂಗೈ ಅಗಲ. ಅಲಾಯ್ ಚಕ್ರಕ್ಕೂ ರಸ್ತೆ ಗುಂಡಿಯ ಅಂಚಿಗೂ ನಡುವೆ ಇರುವುದು ಅಷ್ಟೇ ರಬ್ಬರು. ಮೊದಲ ಮಳೆಗಾಲದಲ್ಲೇ ಒಂದು ರಾತ್ರಿ ನೀರು ನಿಂತ ಗುಂಡಿಗೆ ಮುಂದಿನ ಎಡ ಚಕ್ರ ಇಳಿಸಿದೆ. ಸದ್ದು ಹೇಗಿತ್ತು ಅಂದರೆ ನಾನೂ ಹೆಂಡತಿಯೂ ಅರ್ಧ ಕಿ.ಮೀ. ಮಾತೇ ಆಡಲಿಲ್ಲ. ಬೆಳಗ್ಗೆ ನೋಡಿದರೆ ಟೈರಿನ ಪಕ್ಕೆಯಲ್ಲಿ ಒಂದು ಉಬ್ಬು. ಪೂರಿ ಉಬ್ಬಿದ ಹಾಗೆ, ನುಣ್ಣಗೆ, ನೋಡಲು ಚೆಂದವೇ. ಪಂಕ್ಚರ್ ಅಂಗಡಿಯವರು ಹೆಬ್ಬೆರಳಲ್ಲಿ ಒಂದು ಸಲ ಒತ್ತಿ ನೋಡಿದರು. "ಒಳಗೆ ದಾರ ಕಡಿದಿದೆ ಸಾರ್. ಇದಕ್ಕೆ ಪ್ಯಾಚ್ ಇಲ್ಲ. ಇದರಲ್ಲಿ ಹೈವೇಗೆ ಹೋಗಬೇಡಿ, ಒಡೀತದೆ." ಒಂದೇ ಹೊಸದು ಹಾಕಿದರೆ ಎರಡು ಬದಿಯ ಸವೆತ ಬೇರೆಬೇರೆ ಆಗುತ್ತದೆ ಅಂತ ಜೋಡಿ ಹಾಕಿಸಿದೆ. ಆವತ್ತಿನಿಂದ ನೀರು ನಿಂತಿದ್ದರೆ ಅದು ಗುಂಡಿ ಅಂತಲೇ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡುತ್ತೇನೆ. ಬೇರೆ ಕಾರಿನವರು ಮಳೆಯಲ್ಲಿ ಮೋಡ ನೋಡುತ್ತಾರೆ, ನಾನು ನೆಲ ನೋಡುತ್ತೇನೆ.

ಊರು ಮೂಡಿಗೆರೆ ಹತ್ತಿರ. ಹಾಸನ, ಬೇಲೂರು ದಾಟಿ ಸುಮಾರು 250 ಕಿ.ಮೀ. ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಕಾರನ್ನು ಮೊದಲ ಸಲ ಅಂಗಳದಲ್ಲಿ ನಿಲ್ಲಿಸಿದಾಗ ಅಪ್ಪಯ್ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಾಫಿ ತೋಟದಲ್ಲಿ ಮೂವತ್ತು ವರ್ಷ ಮಹೀಂದ್ರಾ ಜೀಪು ಓಡಿಸಿದವರು. "ಎಂತ ಮಾರಾಯ ಇದು, ಕಪ್ಪೆ ಕೂತ ಹಾಗೆ ಕೂತಿದೆ" ಅಂದರು. ಗೇಟಿನಿಂದ ಮನೆಗೆ ಬರುವ ಮಣ್ಣು ದಾರಿಯ ನಡುವೆ ಹುಲ್ಲಿನ ದಿಬ್ಬ. ಜೀಪಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಕಾರಿನ ಹೊಟ್ಟೆ ಅದನ್ನು ಸವರಿಕೊಂಡೇ ಬರುತ್ತದೆ. ನಾಲ್ಕು ಜನ ಕೂತಿದ್ದರೆ ಗೇಟಿನ ಹತ್ತಿರ ಎಲ್ಲರನ್ನೂ ಇಳಿಸಿ ಒಬ್ಬನೇ ಬರಬೇಕು. ಅಪ್ಪಯ್ಯ ಅದನ್ನು ನೋಡಿ ಮೂರನೇ ಸಲಕ್ಕೆ ಆಳಿನ ಕೈಯಲ್ಲಿ ದಿಬ್ಬ ಕೆತ್ತಿಸಿಟ್ಟಿದ್ದರು. ಬಾಯಲ್ಲಿ ಮಾತ್ರ "ನಿನ್ನ ಕಪ್ಪೆಗೆ ರಸ್ತೆ ಮಾಡಿಸಿದ್ದೇನೆ" ಅಂದರು.

ಡಿಕ್ಕಿ ಚಿಕ್ಕದು. ಒಂದು ಚೀಲ ಅಕ್ಕಿ, ಎರಡು ಹಲಸಿನಹಣ್ಣು, ಕಾಳುಮೆಣಸಿನ ಗಂಟು, ಅಮ್ಮನ ಉಪ್ಪಿನಕಾಯಿ ಭರಣಿ. ಇಷ್ಟಾದ ಮೇಲೆ ಹಿಂದಿನ ಸೀಟಿಗೂ ಹಲಸು ಹತ್ತುತ್ತದೆ. ಆದರೆ ಹಿಂದಿನ ಸೀಟು ಪೂರ್ತಿ ಮಡಚಿದರೆ ಹುಲ್ಲು ಕತ್ತರಿಸುವ ಮಷಿನ್ನನ್ನೇ ರಿಪೇರಿಗೆ ಮೂಡಿಗೆರೆಗೆ ತಗೊಂಡು ಹೋಗಿದ್ದೇನೆ. ಹ್ಯಾಚ್‌ಬ್ಯಾಕ್ ಅನ್ನುವುದರ ಮರ್ಯಾದೆ ಅಲ್ಲಿದೆ.

ಈಗ ನಿಂಬೆಹಣ್ಣಿಗೆ ಬರುತ್ತೇನೆ.

ಮಗಳಿಗೆ ಆಗ ಏಳು ವರ್ಷ. ಕಾರು ಬಂದ ಎರಡನೇ ತಿಂಗಳು ಧರ್ಮಸ್ಥಳಕ್ಕೆ ಅಂತ ಚಾರ್ಮಾಡಿ ಇಳಿದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದಾಗಿತ್ತು. ಆ ಘಾಟಿಯನ್ನು ನಾನು ಬಸ್ಸಿನಲ್ಲಿ, ಜೀಪಿನಲ್ಲಿ, ಹಳೇ ಕಾರಿನಲ್ಲಿ ನೂರು ಸಲ ಇಳಿದಿದ್ದೇನೆ. ಇದೇ ಮೊದಲ ಸಲ, ತಿರುವಿನಲ್ಲಿ ಕಾರು ವಾಲದೆ, ಸ್ಟೀರಿಂಗ್ ಹೇಳಿದ ಕಡೆ ಹೇಳಿದಷ್ಟೇ ತಿರುಗುತ್ತಿತ್ತು. ಬ್ರೇಕು, ಎರಡನೇ ಗೇರು, ತಿರುವು, ಒತ್ತು. ಬ್ರೇಕು, ಎರಡನೇ ಗೇರು. ನಾನು ಸ್ವರ್ಗದಲ್ಲಿದ್ದೆ. ನಾಲ್ಕನೇ ತಿರುವಿನಲ್ಲಿ ನೀರುದೋಸೆ ಹೊರಗೆ ಬಂತು. ಸೀಟಿನ ಮೇಲೆ, ಬಾಗಿಲಿನ ಮೇಲೆ, ಸೀಟ್ ಬೆಲ್ಟಿನ ಬುಡದಲ್ಲಿ. ಐದನೇ ನಿಂಬೆಹಣ್ಣು ಅಷ್ಟರಲ್ಲಿ ಉರುಳಿ ನನ್ನ ಹೆಂಡತಿಯ ಕಾಲಡಿ ಹೋಗಿತ್ತು. ಅವಳು ಅದನ್ನು ಹೆಕ್ಕಿ ಮಗಳ ಮೂಗಿಗೆ ಹಿಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ, ಎಲ್ಲರೂ ಹಾಕುವಂತೆ ಕಾಣಿಕೆ ಹಾಕಿ, ಬಾಟಲಿ ನೀರಲ್ಲಿ ಸೀಟು ತೊಳೆದೆ. ಸೀಟ್ ಬೆಲ್ಟಿನ ಸಂದಿಯ ವಾಸನೆ ಮುಂದಿನ ಸರ್ವೀಸಿನ ತನಕ ಜೊತೆಗಿತ್ತು.

ಆಮೇಲೆ ಯೋಚಿಸಿದೆ. ಕಾರಿನ ಬಿಗಿ ಸಸ್ಪೆನ್ಷನ್ ಅಲ್ಲ ತಪ್ಪು ಮಾಡಿದ್ದು. ವಾಲದ ಕಾರಿನಲ್ಲಿ ವಾಂತಿ ಕಡಿಮೆಯೇ ಆಗಬೇಕು. ತಪ್ಪು ನನ್ನ ಕಾಲಿನದು. ಬ್ರೇಕನ್ನು ಒದೆಯುತ್ತಿದ್ದೆ, ಆಕ್ಸಿಲರೇಟರನ್ನು ಒದೆಯುತ್ತಿದ್ದೆ. ಊದುಕೊಳವೆಯ ಎಂಜಿನ್‌ಗೆ ಒದೆ ಬಿದ್ದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ದಡಕ್ಕನೆ ಎಳೆಯುತ್ತದೆ. ಮುಂದೆ ಕೂತವನಿಗೆ ಅದು ಮಜಾ. ಹಿಂದೆ ಕೂತವರ ಕತ್ತು ಗಡಿಯಾರದ ಲೋಲಕ.

ಮುಂದಿನ ಸಲ ಮಗಳು ಹತ್ತಲು ಒಪ್ಪಲಿಲ್ಲ. ಒಂದು ಒಪ್ಪಂದವಾಯಿತು. ನಿಂಬೆಹಣ್ಣು ಗುಂಡಿಯಲ್ಲಿ ಇರುತ್ತದೆ. ಅದು ಉರುಳಿ ಅಂಚಿಗೆ ಬಡಿದರೆ 'ಟಕ್' ಅನ್ನುತ್ತದೆ. ಅವಳು ಎಣಿಸುತ್ತಾಳೆ. ಹತ್ತು ಟಕ್‌ಗೆ ಒಂದು ಐಸ್‌ಕ್ರೀಮ್. ಮೊದಲ ಸಲ ನಲವತ್ತು ದಾಟಿತು. ನಾಲ್ಕು ಐಸ್‌ಕ್ರೀಮ್ ಕೊಡಿಸಿದರೆ ಮತ್ತೆ ವಾಂತಿ ಅಂತ ಸಾಲ ಬರೆದಿಟ್ಟುಕೊಂಡಳು.

ನಿಂಬೆಹಣ್ಣು ಉರುಳದ ಹಾಗೆ ಓಡಿಸುವುದು ಎಂಥ ಕಷ್ಟ ಅನ್ನುವುದು ಮಾಡಿದವರಿಗೇ ಗೊತ್ತು. ತಿರುವಿಗೆ ಬಹಳ ಮುಂಚೆ ಕಾಲು ತೆಗೆಯಬೇಕು. ಬ್ರೇಕನ್ನು ಮೆಲ್ಲಗೆ ಒತ್ತಿ, ನಿಲ್ಲುವ ಹೊತ್ತಿಗೆ ಇನ್ನೂ ಮೆಲ್ಲಗೆ ಬಿಡಬೇಕು. ಗೇರ್ ಇಳಿಸುವಾಗ ಎಂಜಿನ್ ಸುತ್ತನ್ನು ಸ್ವಲ್ಪ ಏರಿಸಿ ಕ್ಲಚ್ ಬಿಟ್ಟರೆ ಜಗ್ಗುವುದಿಲ್ಲ. ಟರ್ಬೊ ಎಚ್ಚರವಾಗಿರುವ ಹಾಗೆ 2,000 ಸುತ್ತಿನ ಮೇಲೆ ಇಟ್ಟುಕೊಂಡರೆ ಆ ದಡಕ್ಕು ಇಲ್ಲ. ಇಷ್ಟೆಲ್ಲ ಮಾಡಿದರೆ ವೇಗ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಗಡಿಯಾರ ನೋಡಿದರೆ ಕೊಟ್ಟಿಗೆಹಾರದಿಂದ ಕೆಳಗೆ ಎರಡೇ ನಿಮಿಷ ವ್ಯತ್ಯಾಸ. ಒಳ್ಳೆ ಸಸ್ಪೆನ್ಷನ್, ಒಳ್ಳೆ ಸ್ಟೀರಿಂಗ್ ಯಾಕೆ ಬೇಕು ಅಂತ ನನಗೆ ಗೊತ್ತಾದದ್ದು ಜೋರಾಗಿ ಹೋಗುವಾಗ ಅಲ್ಲ, ನಿಂಬೆಹಣ್ಣು ಕಾಯುವಾಗ. ಹಳೇ ಕಾರಿನಲ್ಲಿ ನಿಂಬೆಹಣ್ಣು ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ.

ಒಂದು ಸಲ ಮಾತ್ರ ಮರೆತೆ. ಮಗಳು ಜೊತೆಗಿರಲಿಲ್ಲ. ಬೇಲೂರಿನಿಂದ ಮೂಡಿಗೆರೆಗೆ ಹೋಗುವಾಗ ಮುಂದೆ ಮರದ ದಿಮ್ಮಿ ತುಂಬಿದ ಲಾರಿ. ಈ ಕಾರಿನಲ್ಲಿ ಮೂರನೇ ಗೇರ್ ಹಾಕಿದರೆ ಲಾರಿ ದಾಟುವುದು ಚಿಟಿಕೆ ಹೊಡೆದಷ್ಟು ಹೊತ್ತು. ಎದುರು ಬದಿಯಲ್ಲಿ ಇರುವ ಹೊತ್ತು ಕಡಿಮೆ, ಹಾಗಾಗಿ ಸೇಫು ಅಂತ ಎಲ್ಲರಿಗೂ ಹೇಳುತ್ತಿದ್ದೆ. ಆವತ್ತು ತಿರುವು ಕಾಣುತ್ತಿದ್ದರೂ 'ಆಗುತ್ತದೆ' ಅಂತ ನುಗ್ಗಿದೆ. ಎದುರಿಗೆ ಬೈಕು. ಗಂಡ, ಹೆಂಡತಿ, ನಡುವೆ ಒಂದು ಮಗು. ಬ್ರೇಕ್ ಒತ್ತಿ ಲಾರಿಯ ಹಿಂದೆ ವಾಪಸ್ ಸೇರಿಕೊಂಡೆ. ಬೈಕಿನವನು ಬೈಯಲೂ ಇಲ್ಲ, ಸುಮ್ನೆ ನೋಡಿಕೊಂಡು ಹೋದ. ಗುಂಡಿಯಲ್ಲಿದ್ದ ನಿಂಬೆಹಣ್ಣು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಎರಡು ವಾರ ಬಿಟ್ಟು ಸೀಟಿನ ಕೆಳಗೆ ಒಣಗಿ ಕಪ್ಪಾಗಿ ಸಿಕ್ಕಿತು. ಮೂಡಿಗೆರೆ ತನಕ ಆ ಲಾರಿಯ ಹಿಂದೆಯೇ ಹೋದೆ.

ಈ ವರ್ಷ ಅಪ್ಪಯ್ಯನಿಗೆ ಎಪ್ಪತ್ತೆರಡು. ಹೋದ ತಿಂಗಳು ಉಜಿರೆಯಲ್ಲಿ ಒಂದು ಮದುವೆ. ಅಪ್ಪಯ್ಯ ಮುಂದೆ, ಅಮ್ಮ ಮಗಳು ಹಿಂದೆ. ನನ್ನ ಹೆಂಡತಿ ಆಫೀಸ್ ಕೆಲಸ ಅಂತ ಬೆಂಗಳೂರಿನಲ್ಲೇ ಉಳಿದಿದ್ದಳು. ಮಂಜು ಇರಲಿಲ್ಲ, ರಸ್ತೆ ಒಣಗಿತ್ತು. ನಾನು ನನ್ನ ಪಾಡಿಗೆ ನಿಂಬೆಹಣ್ಣು ನೋಡಿಕೊಂಡು ಇಳಿಸುತ್ತಿದ್ದೆ. ಅಪ್ಪಯ್ಯ ನನ್ನ ಎಡಗೈ ನೋಡುತ್ತಿದ್ದರು.

"ಇದರಲ್ಲಿ ಎಷ್ಟು ಗೇರು?"

"ಆರು."

"ಮತ್ತೆ ಎರಡು ಮೂರು ಬಿಟ್ಟು ಮುಂದೆ ಹೋಗಲೇ ಇಲ್ಲವಲ್ಲ. ಉಳಿದದ್ದು ಎಂತಕ್ಕೆ?"

ಹಾಸನದ ಹೈವೇಗೆ ಅಂದೆ. ಹೂಂ ಅಂದರು. ಕೆಳಗೆ ಚಾರ್ಮಾಡಿ ಊರು ಬರುವಾಗ ಹಿಂದಿನಿಂದ ಮಗಳು "ಆರು! ಬರೀ ಆರು ಟಕ್!" ಅಂತ ಕೂಗಿದಳು. ಇದುವರೆಗಿನ ದಾಖಲೆ. ಐಸ್‌ಕ್ರೀಮ್ ಇಲ್ಲ ಅಂತ ಅವಳಿಗೆ ಬೇಜಾರೂ ಆಯಿತು. ಎಂತ ಲೆಕ್ಕ ಅದು ಅಂತ ಅಪ್ಪಯ್ಯ ಕೇಳಿದರು. ಮಗಳು ಮೊದಲಿನಿಂದ ಎಲ್ಲ ವಿವರಿಸಿದಳು, ನೀರುದೋಸೆಯ ಕತೆ ಸಮೇತ. ಅಪ್ಪಯ್ಯ ನಗಲಿಲ್ಲ. ಗಂಭೀರವಾಗಿ ಕೇಳಿಸಿಕೊಂಡರು.

ಮದುವೆ ಊಟ ಮುಗಿಯಿತು. ಉಜಿರೆಯ ಬಿಸಿಲು ಗೊತ್ತಲ್ಲ, ಘಾಟಿ ಮೇಲಿನವರಿಗೆ ತಡೆಯುವುದಿಲ್ಲ. ಕಾರಿನ ಹತ್ತಿರ ಬಂದಾಗ ಅಪ್ಪಯ್ಯ ಬಾಗಿಲು ತೆಗೆದು ಕೈ ಹಾಕಿ ನಿಂಬೆಹಣ್ಣು ಎತ್ತಿಕೊಂಡು ಎದುರಿನ ಅಂಗಡಿಗೆ ಹೋದರು. ಎರಡು ಸೋಡಾ ಹೇಳಿ, "ಹಣ್ಣು ನಮ್ಮದೇ ಉಂಟು, ಉಪ್ಪು ಮಾತ್ರ ಹಾಕಿ" ಅಂದರು. ಅಂಗಡಿಯವರು ಕೊಯ್ದು ಹಿಂಡಿದರು. ಒಂದು ನಾನು ಕುಡಿದೆ, ಒಂದು ಅವರು.

ಸಂಜೆ ನಾಲ್ಕಕ್ಕೆ ಘಾಟಿ ಹತ್ತಲು ಶುರು ಮಾಡಿದೆವು. ಅಮ್ಮ, ಮಗಳು ಒಬ್ಬರ ಮೇಲೆ ಒಬ್ಬರು ಒರಗಿ ನಿದ್ದೆ. ಮೊದಲ ತಿರುವು ದಾಟಿದ ಮೇಲೆ ಮುಂದೆ ಉದ್ದಕ್ಕೆ ಏರು, ಯಾರೂ ಇಲ್ಲ. ಅಪ್ಪಯ್ಯ ಖಾಲಿ ಗುಂಡಿ ನೋಡಿದರು, ಹಿಂದೆ ತಿರುಗಿ ಇಬ್ಬರನ್ನೂ ನೋಡಿದರು, ಆಮೇಲೆ ಬಾಗಿಲ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು.

"ಈಗ ಒತ್ತು ನೋಡುವ" ಅಂದರು.